ಎಲೆ ತೆಗೆದ ಮೇಲೆ

ಮುತ್ತುಗದ ಎಲೆಯ ತೊಟ್ಟು ಮುರಿಯುತ್ತ ಕೂತಿದ್ದ ಪದ್ಮಮ್ಮನಿಗೆ ಬೆನ್ನ ಹಿಂದೆ ಇನ್ನೊಬ್ಬಳು ಎಲೆಅಡಿಕೆ ಅಗಿಯುವ ಸದ್ದು ಕೇಳಿಸುತ್ತಿತ್ತು. ಮೂರು ದಿನದಿಂದ ಕೇಳಿಸುತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಮದ್ದೂರಿನಿಂದ ಸಿನಿಮಾದವರ ಕಾರು ಬಂದು ಬೀದಿಯ ತುದಿಯಲ್ಲಿ ನಿಲ್ಲುವುದು, ಅದರಿಂದ ಹೊಂಬಾಳಮ್ಮ ಇಳಿದು ಬರುವುದು, ನಡುಮನೆಯ ಹೊಸ್ತಿಲಿನ ಈಚೆ ಗೋಡೆಗೊರಗಿ ಕಾಲು ಚಾಚಿ ಕೂತು ಪದ್ಮಮ್ಮ ಏನು ಮಾಡಿದರೂ ಅದನ್ನೇ ನೋಡುವುದು. ನೀರು ಸೇದಿದರೆ ನೋಡುವುದು, ಕೂದಲು ಕೊಡವಿ ಗಂಟು ಹಾಕಿದರೆ ನೋಡುವುದು, ಸೀನಿದರೂ ನೋಡುವುದು. ಮಧ್ಯಾಹ್ನದ ಊಟವಾಗಿ, ಎಲೆ ತೆಗೆದು, ಉಂಡ ನೆಲಕ್ಕೆ ಸೆಗಣಿಯ ಗೋಮೆ ಹಚ್ಚುವ ತನಕ ಕೂತಿದ್ದು ಅವಳು ಎದ್ದು ಹೋದ ಮೇಲೆ ಪದ್ಮಮ್ಮ ಆ ಜಾಗಕ್ಕೆ ನೀರು ಚೆಲ್ಲಿ ಒರೆಸುತ್ತಿದ್ದಳು. ಎರಡು ಸಲ ಒರೆಸುತ್ತಿದ್ದಳು. ಜಾತಿಯ ಕಾರಣಕ್ಕೆ ಒಂದು ಸಲ, ನೋಡಿದ್ದಕ್ಕೆ ಒಂದು ಸಲ. ಮೊದಲನೆಯ ದಿನ ಹೊಂಬಾಳಮ್ಮ ಕುಡಿಯಲು ನೀರು ಕೇಳಿದ್ದಳು. ಪದ್ಮಮ್ಮ ಚೊಂಬನ್ನು ನೆಲದ ಮೇಲಿಟ್ಟು ದೂರ ಸರಿದು ನಿಂತಳು. ಆ ಹೆಂಗಸು ಏನೂ ಅಂದುಕೊಳ್ಳದೆ ಚೊಂಬೆತ್ತಿ, ತುಟಿಗೆ ತಾಗಿಸದೆ, ಒಂದು ತೊಟ್ಟೂ ಚೆಲ್ಲದ ಹಾಗೆ ಮೇಲಿನಿಂದ ಬಾಯಿಗೆ ಹಾಕಿಕೊಂಡು, ಅಂಗಳಕ್ಕೆ ಹೋಗಿ ಚೊಂಬನ್ನು ತೊಳೆದು ಬೋರಲು ಹಾಕಿ ಬಂದಳು. ಅದೂ ಪದ್ಮಮ್ಮನಿಗೆ ಸಿಟ್ಟು ತರಿಸಿತು. ತಪ್ಪು ಮಾಡಿದ್ದರೆ ಬಯ್ಯಬಹುದಿತ್ತು.

ಹೊಂಬಾಳಮ್ಮ ಮಳವಳ್ಳಿಯ ಕಡೆಯ ನಾಟಕ ಕಂಪನಿಯಲ್ಲಿ ಇಪ್ಪತ್ತು ವರ್ಷ ಬಣ್ಣ ಹಚ್ಚಿದವಳಂತೆ. ಈಗ ಸಿನಿಮಾದಲ್ಲಿ 'ಎಲೆಯತ್ತೆ' ಆಗುವವಳು ಅವಳೇ. ಎಲೆಯತ್ತೆ ಎಂದರೆ ಯಾರು ಎಂದು ರಾಜ್ಯದಲ್ಲಿ ಪತ್ರಿಕೆ ಓದುವ ಯಾರನ್ನು ಕೇಳಿದರೂ ಹೇಳುತ್ತಾರೆ, ನಗುತ್ತಲೇ ಹೇಳುತ್ತಾರೆ. ಹನ್ನೊಂದು ವರ್ಷದಿಂದ ಬೆಂಗಳೂರಿನ ಒಂದು ವಾರಪತ್ರಿಕೆಯ ಕೊನೆಯ ಪುಟದಲ್ಲಿ ಪ್ರತಿ ಗುರುವಾರ ನಾಲ್ಕು ಚೌಕಗಳಲ್ಲಿ ಅವಳು ಬರುತ್ತಿದ್ದಳು. ಬದನೆಕಾಯಿಯಂಥ ಮೂಗು, ಹಣೆಯ ಅರ್ಧ ಮುಚ್ಚುವ ಕುಂಕುಮ, ಸೆಟೆದ ಬೆನ್ನು. ಮೊದಲನೆಯ ಚೌಕದಲ್ಲಿ ಮನೆಯಲ್ಲಿರುವ ತಲೆಗಿಂತ ಒಂದು ಎಲೆ ಹೆಚ್ಚು ಹಾಕಿ ಬಾಗಿಲ ಕಡೆ ನೋಡುತ್ತಾಳೆ. ಎರಡನೆಯದರಲ್ಲಿ ಬಾಗಿಲಲ್ಲಿ ಯಾರೋ ಕಾಣಿಸುತ್ತಾರೆ. ಒಂದು ವಾರ ಎಮ್ಮೆ, ಒಂದು ವಾರ ಓಟು ಕೇಳುವವನು, ಒಂದು ವಾರ ದಾರಿ ತಪ್ಪಿದ ಪೊಲೀಸಿನವನು, ಶ್ರೀರಾಮನವಮಿಯ ವಿಶೇಷಾಂಕದಲ್ಲಿ ಆನೆ. ಬಂದವರು ಆ ಎಲೆಯ ಮುಂದೆ ಕೂತು ಉಣ್ಣುತ್ತಾರೆ. ಕೊನೆಯ ಚೌಕದಲ್ಲಿ ಎಲೆಯತ್ತೆ ಮಜ್ಜಿಗೆಯ ಮೇಲೆ ಕಾಲಿಟ್ಟು ಜಾರಿ ಬೀಳುತ್ತಾಳೆ, ತಲೆಯ ಸುತ್ತ ನಕ್ಷತ್ರಗಳು. ಮುಂದಿನ ಗುರುವಾರ ಏನೂ ಆಗದವಳ ಹಾಗೆ ಮತ್ತೆ ಎಲೆ ಹಿಡಿದು ನಿಂತಿರುತ್ತಾಳೆ. ಇದನ್ನು ಬರೆಯುತ್ತಿದ್ದವನು ಪದ್ಮಮ್ಮನ ತಮ್ಮ ಕಸ್ತೂರಿರಂಗ, ಮಂಡ್ಯದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಅವನ ಮನೆಯಲ್ಲಿ ಅವನು, ಹೆಂಡತಿ ಪಂಕಜಮ್ಮ, ಇಬ್ಬರು ಹೆಣ್ಣುಮಕ್ಕಳು, ಪದ್ಮಮ್ಮ. ಐದು ಜನ. ಪದ್ಮಮ್ಮ ದಿನಾ ಆರು ಎಲೆ ಹಾಕುತ್ತಿದ್ದಳು.

ಇದು ತನ್ನದೇ ಚಿತ್ರ ಎಂದು ಅವಳಿಗೆ ಗೊತ್ತಾದದ್ದು ಎಲೆಯತ್ತೆ ಹುಟ್ಟಿ ಎರಡು ವರ್ಷವಾದ ಮೇಲೆ, ಮಳವಳ್ಳಿಯಲ್ಲಿ ನೆಂಟರ ಮದುವೆಯೊಂದರಲ್ಲಿ. ಬಂದವರ ಪಂಕ್ತಿಗೆ ಎಲೆ ಹಾಕುತ್ತ ಬಂದು ಕೊನೆಗೆ, ಕೈಯ ಅಭ್ಯಾಸಕ್ಕೆ, ಒಂದು ಹೆಚ್ಚು ಹಾಕಿದಳು. ಅಡಿಗೆಯವರು ನಕ್ಕರು. ಮದುವೆಯ ಹುಡುಗಿಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಯಾಕೆ ಎಂದು ಕೇಳಿದರೆ ಯಾರೂ ಹೇಳಲಿಲ್ಲ. ಕೊನೆಗೆ ಒಬ್ಬ ಮುದುಕಿ ಮಾತ್ರ, ಪಾಪ, ಅವಳ ಕೈಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋಗಿ, ಹೊದಿಕೆಯ ಗಂಟಿನಿಂದ ಮಡಿಸಿಟ್ಟ ಪತ್ರಿಕೆಯ ಹಾಳೆ ತೆಗೆದು ತೋರಿಸಿದಳು. ನಿನ್ನನ್ನ ನೋಡಿ ನಕ್ಕವರಲ್ಲಿ ನಾನೂ ಒಬ್ಬಳು, ಗೊತ್ತಿಲ್ಲದೆ ನಕ್ಕೆ ಎಂದಳು. ಊರಿಗೆ ಹಿಂತಿರುಗಿದ ಮೇಲೆ ಪದ್ಮಮ್ಮ ತಮ್ಮನ ಹತ್ತಿರ ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವನೂ ಆಡಲಿಲ್ಲ. ಗುರುವಾರ ಬಂದ ಪತ್ರಿಕೆಯನ್ನು ಅವನು ನಡುಮನೆಯಲ್ಲಿ ಬಿಟ್ಟು ಸ್ಕೂಲಿಗೆ ಹೋಗುವನು, ಅವಳು ಅದರ ಕೊನೆಯ ಹಾಳೆಯನ್ನು ಹರಿದು ಮೆಣಸಿನಪುಡಿಯ ಡಬ್ಬಿಯ ತಳಕ್ಕೆ ಹಾಸುವಳು. ಒಂಬತ್ತು ವರ್ಷ ಹೀಗೆ ನಡೆಯಿತು. ಒಂದು ಮಳೆಗಾಲದಲ್ಲಿ ಬಾವಿಯ ಹತ್ತಿರ ನಿಜವಾಗಿ ಜಾರಿ ಬಿದ್ದು ಕಾಲಿನ ಹರಡು ಉಬ್ಬಿ ಒಂದು ತಿಂಗಳು ಕೂತಲ್ಲೇ ತರಕಾರಿ ಹೆಚ್ಚಿದಳು. ಆ ನಾಲ್ಕು ಗುರುವಾರವೂ ಎಲೆಯತ್ತೆ ಬಿದ್ದಳು, ಎದ್ದಳು. ಕಾಗದದಲ್ಲಿ ಇರುವವಳಿಗೆ ಮೂಳೆ ಇಲ್ಲ ಎಂದು ಪದ್ಮಮ್ಮ ಆಗ ಅಂದುಕೊಂಡಳು, ಹೊಟ್ಟೆಕಿಚ್ಚಿನಿಂದ.

ಈಗ ಅವಳಿಗೆ ಮೂಳೆ ಬಂದಿತ್ತು, ಮಾಂಸ ಬಂದಿತ್ತು, ಹೊಂಬಾಳಮ್ಮನ ಹೊಟ್ಟೆಗೆ ಕಟ್ಟಲು ದಿಂಬು ಬಂದಿತ್ತು. ಯಾವನೋ ನಿರ್ಮಾಪಕ ಬೊಂಬಾಯಿಯಲ್ಲಿ ನೆಂಟರ ಮನೆಯ ಟೆಲಿವಿಷನ್ನಿನಲ್ಲಿ ಓಡಾಡುವ ಕಾರ್ಟೂನುಗಳನ್ನು ನೋಡಿದನಂತೆ. ಹೊರದೇಶದಲ್ಲಿ ಇಂಥವನ್ನು ಮನುಷ್ಯರಿಂದಲೇ ಆಡಿಸಿ ಮನೆಮಂದಿಯೆಲ್ಲ ಕೂತು ನೋಡುವ ಸಿನಿಮಾ ಮಾಡುತ್ತಾರೆ, ನಮ್ಮಲ್ಲಿ ಟೆಲಿವಿಷನ್ ಇಲ್ಲದಿದ್ದರೇನು, ಎಲೆಯತ್ತೆ ಇದ್ದಾಳಲ್ಲ ಎಂದನಂತೆ. ಡೈರೆಕ್ಟರು ಕಸ್ತೂರಿರಂಗನ ಎದುರು ಕೂತು ಹಳೆಯ ಸಂಚಿಕೆಗಳನ್ನೆಲ್ಲ ಹರವಿಕೊಂಡು ಎರಡು ದಿನ ನಕ್ಕರು. ಮೂರನೆಯ ದಿನ ನಗು ನಿಲ್ಲಿಸಿ ಒಂದು ಪ್ರಶ್ನೆ ಕೇಳಿದರು. ಇವಳು ಯಾಕೆ ಒಂದು ಎಲೆ ಹೆಚ್ಚು ಹಾಕುತ್ತಾಳೆ? ಹನ್ನೊಂದು ವರ್ಷದಲ್ಲಿ ಆ ಪ್ರಶ್ನೆಯನ್ನು ಓದುಗರು ಯಾರೂ ಕೇಳಿರಲಿಲ್ಲ. ಗೆರೆಯಲ್ಲಿ ಬರೆದವಳು ಯಾಕೆ ಹಾಕುತ್ತಾಳೆ ಎಂದು ಯಾರು ಕೇಳುತ್ತಾರೆ, ಹಾಕುತ್ತಾಳೆ ಅಷ್ಟೆ. ಆದರೆ ಮನುಷ್ಯಳೊಬ್ಬಳು ಎರಡೂವರೆ ಗಂಟೆ ಪರದೆಯ ಮೇಲೆ ಓಡಾಡಬೇಕಾದರೆ ಕಾರಣ ಬೇಕು, ಕಾರಣವಿಲ್ಲದಿದ್ದರೆ ಜನ ಹುಚ್ಚಿ ಅನ್ನುತ್ತಾರೆ ಎಂದರು ಡೈರೆಕ್ಟರು. ಕಸ್ತೂರಿರಂಗ ಕಾರಣ ಹೇಳಿದ.

ಇದನ್ನೆಲ್ಲ ಪದ್ಮಮ್ಮನಿಗೆ ಹೇಳಿದವಳು ಪಂಕಜಮ್ಮ, ನಿನ್ನೆ, ಹುಳಿಗೆ ಒಗ್ಗರಣೆ ಹಾಕುವ ಹೊತ್ತಿನಲ್ಲಿ, ಕಣ್ಣಲ್ಲಿ ನೀರು ತಂದುಕೊಂಡು. ಅತ್ತಿಗೆ, ಕೊನೆಯ ಸೀನಿನಲ್ಲಿ ಎಲೆಯತ್ತೆಯ ಕಾಣೆಯಾದ ಗಂಡ ಹಿಂತಿರುಗಿ ಬರುತ್ತಾರಂತೆ. ಊಟದ ಹೊತ್ತಿಗೇ ಬರುತ್ತಾರಂತೆ. ಅಷ್ಟು ವರ್ಷದಿಂದ ಹಾಕಿದ ಎಲೆಯ ಮುಂದೆ ಕೂತು ಉಣ್ಣುತ್ತಾರಂತೆ. ಕೇಳುತ್ತಿದ್ದ ಪದ್ಮಮ್ಮನ ಕೈಯಿಂದ ಸೌಟು ಜಾರಲಿಲ್ಲ. ಸೌಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು, ಅದರ ಹಿಡಿ ಅಂಗೈಯಲ್ಲಿ ಅಚ್ಚೊತ್ತುವಷ್ಟು. ಬಿದ್ದದ್ದನ್ನು, ಮೂಗನ್ನು, ಎಮ್ಮೆಯನ್ನು ಅವಳು ಸಹಿಸಿದ್ದಳು. ನಗುವವರು ನಗಲಿ, ಅವರು ನಗುತ್ತಿದ್ದದ್ದು ಎಲೆಗೆ. ಆ ಎಲೆಯ ಹಿಂದೆ ಇರುವುದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈಗ ಇವರು ಅಲ್ಲಿಗೇ ಕೈ ಹಾಕಿದ್ದರು.

ನಿನ್ನೆ ಸಂಜೆಯೇ, ಕಸ್ತೂರಿರಂಗ ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತಿದ್ದಾಗ ಅವಳು ಅವನ ಮುಂದೆ ಹೋಗಿ ನಿಂತಳು. ಅವನ ಬೆರಳಿನ ಸಂದಿಯಲ್ಲಿ ಕಪ್ಪು ಮಸಿ ಇತ್ತು, ಯಾವಾಗಲೂ ಇರುತ್ತಿತ್ತು. ತನ್ನನ್ನು ಬರೆದ ಮಸಿ.

"ಅವರು ಬರೋ ಹಾಗಿಲ್ಲ ಕಣೋ ರಂಗು," ಎಂದಳು.

ಯಾರು ಎಂದು ಅವನು ಕೇಳಲಿಲ್ಲ. ಸಿನಿಮಾದಲ್ಲಿ ತಾನೇ ಅಕ್ಕ ಎಂದ. ಸಿನಿಮಾದಲ್ಲೂ ಬರೋ ಹಾಗಿಲ್ಲ ಎಂದಳು. ಅವನು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದ. ಕನ್ನಡಕವಿಲ್ಲದೆ ಅವನ ಮುಖ ಹದಿನಾರು ವರ್ಷದ್ದಾಗಿ ಕಾಣುತ್ತಿತ್ತು, ಅದನ್ನು ನೋಡುವುದು ಅವಳಿಗೆ ಆಗುತ್ತಿರಲಿಲ್ಲ.

"ಹನ್ನೊಂದು ವರ್ಷ ಎಮ್ಮೆ ಕರೆಸಿದೀನಿ, ಆನೆ ಕರೆಸಿದೀನಿ," ಎಂದ ಅವನು ಮೆಲ್ಲಗೆ. "ಒಂದೇ ಒಂದು ಸಲ ಭಾವನನ್ನ ಕರೆಸಬಾರದಾ ಅಕ್ಕ?"

ಅವನು ಅದನ್ನು ಉಡುಗೊರೆಯ ಹಾಗೆ ಹೇಳಿದ. ಅವಳಿಗೆ ಅವನ ಕೆನ್ನೆಗೆ ಹೊಡೆಯಬೇಕೆನ್ನಿಸಿತು. ಹೊಡೆಯದೆ ಒಳಗೆ ಹೋಗಿ, ದೇವರ ದೀಪಕ್ಕೆ ಎಣ್ಣೆ ಹಾಕಲು ಹೋಗಿ, ಬತ್ತಿಯನ್ನೇ ಎಣ್ಣೆಯಲ್ಲಿ ಮುಳುಗಿಸಿದಳು.

ಅವನ ಭಾವ, ಅವಳ ಗಂಡ, ಒಂದು ಸಲ ಬಂದಿದ್ದರು. ಅದನ್ನು ಅವಳು ಯಾರಿಗೆ ಹೇಳುವುದು? ಇಪ್ಪತ್ತೈದು ವರ್ಷದ ಹಿಂದೆ, ಮದ್ದೂರಿನ ಅಗ್ರಹಾರದ ಆ ಮನೆಯಲ್ಲಿ, ಒಂದು ಶನಿವಾರ. ಅವರು ಮಂಡ್ಯದಾಚೆ ವಿ.ಸಿ. ಫಾರಂ ಎಂಬ ಸರ್ಕಾರಿ ಬೇಸಾಯದ ತೋಟದಲ್ಲಿ ಗುಮಾಸ್ತರು. ಬೆಳಗಿನ ರೈಲಿಗೆ ಮಂಡ್ಯಕ್ಕೆ ಹೋಗಿ, ಅಲ್ಲಿಂದ ಜಟಕಾ ಸಿಕ್ಕರೆ ಜಟಕಾ, ಇಲ್ಲದಿದ್ದರೆ ನಡಿಗೆ. ಶನಿವಾರ ಅರ್ಧ ದಿನ, ಊಟಕ್ಕೆ ಬಂದುಬಿಡುತ್ತೇನೆ ಎಂದು ಹೇಳಿ ಹೋಗುವರು, ಬರುವಾಗ ಎರಡಾಗುವುದು, ಮೂರಾಗುವುದು. ಯಾಕೆ ತಡ ಎಂದರೆ ಹೇಳುವವರಲ್ಲ. ಮಾತೇ ಕಡಿಮೆ. ಗಂಡ ಉಣ್ಣದೆ ಹೆಂಡತಿ ಉಣ್ಣುವಂತಿಲ್ಲ, ಯಾರೂ ನೋಡದಿದ್ದರೂ ಉಣ್ಣುವಂತಿಲ್ಲ. ಮೂರು ವರ್ಷ ಅವಳು ಆರಿದ ಅನ್ನದ ಮುಂದೆ ಕೂತು ಶನಿವಾರಗಳನ್ನು ಕಳೆದಳು. ಆ ಶನಿವಾರ ಬೆಳಿಗ್ಗೆ ಎಲೆ ಮುಗಿದಿದೆ, ಇರುವುದು ಎರಡೇ ಎಂದು ಹೇಳಿದ್ದಳು. ಅವರು ಹೂಂ ಎಂದಿರಲೂ ಇಲ್ಲ. ಎರಡು ಎಲೆಯನ್ನೂ ಹಾಕಿ ಕಾದಳು. ಮೂರಾಯಿತು, ಮೂರೂವರೆಯಾಯಿತು. ಬೀದಿಯಲ್ಲಿ ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ. ಆಗ ಅವಳೊಳಗೆ ಏನೋ ಸೆಟೆದು ನಿಂತಿತು. ಅನ್ನ ಬಡಿಸಿಕೊಂಡು ಒಬ್ಬಳೇ ಉಂಡಳು, ಹಸಿವೆಗಲ್ಲ, ಸೇಡಿಗೆ. ತನ್ನ ಎಲೆ ತೆಗೆದಳು, ಅವರ ಬರಿಯ ಎಲೆಯನ್ನೂ ಅದರ ಜೊತೆಗೆ ಮಡಿಸಿ ಹಿತ್ತಲಿಗೆ ಎಸೆದಳು. ನೆಲಕ್ಕೆ ಗೋಮೆ ಹಚ್ಚಿದಳು. ಗೋಮೆ ಹಚ್ಚಿದ ಮೇಲೆ ಆ ಹೊತ್ತಿನ ಊಟ ಮುಗಿದ ಹಾಗೆ, ಅದರ ಮೇಲೆ ಇನ್ನೊಂದು ಎಲೆ ಇಲ್ಲ. ನೆಲ ಇನ್ನೂ ಒದ್ದೆ ಇತ್ತು, ಬಾಗಿಲಲ್ಲಿ ನೆರಳು ಬಿತ್ತು. ನಾಲ್ಕು ಗಂಟೆ. ಅವಳು ತಲೆ ಎತ್ತಲಿಲ್ಲ. "ಎಲೆ ತೆಗೆದಾಯ್ತು," ಎಂದಳು. ಅಷ್ಟೆ. ನೆರಳು ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಚಪ್ಪಲಿಯ ಸದ್ದು ಜಗಲಿ ಇಳಿಯಿತು. ಹೋಗಲಿ, ಬೀದಿ ಸುತ್ತಿ ಬರಲಿ ಎಂದುಕೊಂಡಳು. ನೆಲ ಆರಿದ ಮೇಲೆ ಹೊರಗೆ ಬಂದು ನೋಡಿದರೆ ಜಗಲಿಯ ಕಂಬದ ಬುಡದಲ್ಲಿ, ಅವರ ಮೇಲುವಸ್ತ್ರದಲ್ಲಿ ಕಟ್ಟಿದ, ಒಂದು ಹೊರೆ ಮುತ್ತುಗದ ಎಲೆ. ಫಾರಂನ ಕಡೆಯ ಬದುಗಳಲ್ಲಿ ಮರ ಮರ ಹುಡುಕಿ ಕುಯ್ದು ತಂದದ್ದು. ತೊಟ್ಟಿನಲ್ಲಿ ಇನ್ನೂ ಹಸಿ ಇತ್ತು.

ಸಾಯಂಕಾಲದ ಬೆಂಗಳೂರು ರೈಲು ಕೂಗಿದ್ದು ಅವಳಿಗೆ ಕೇಳಿಸಿತ್ತು. ಅದೂ ದಿನಾ ಕೇಳಿಸುವ ಕೂಗೇ. ಮಾರನೆಯ ದಿನ ಅಪ್ಪ ಬಂದರು, ಮಾವನವರ ಕಡೆಯವರು ಬಂದರು, ಹದಿನಾರು ವರ್ಷದ ರಂಗು ಬಂದ. ಯಾವಾಗ ಹೋದರು ಎಂದು ಕೇಳಿದರು. ಬೆಳಿಗ್ಗೆ ಹೋದವರು ಬರಲೇ ಇಲ್ಲ ಎಂದಳು. ಹಸಿದು ಬಂದವರಿಗೆ ಊಟವಿಲ್ಲ ಎಂದೆ ಅಂತ ಯಾವ ಹೆಂಗಸು ಹೇಳುತ್ತಾಳೆ? ಒಂದು ಸಲ ಹೇಳಿದ ಮೇಲೆ ಅದೇ ನಿಜವಾಗಬೇಕಾಯಿತು. ಮಧ್ಯಾಹ್ನ ಹನ್ನೆರಡಕ್ಕೆ ಫಾರಂ ಬಿಟ್ಟವರು ಮಂಡ್ಯ ತಲುಪಲಿಲ್ಲ ಎಂದು ಎಲ್ಲರೂ ತೀರ್ಮಾನ ಮಾಡಿ ಫಾರಂಗೂ ಮಂಡ್ಯಕ್ಕೂ ನಡುವೆ ಹುಡುಕಿದರು. ಮದ್ದೂರಿನಲ್ಲಿ ಯಾರನ್ನೂ ಯಾರೂ ಏನೂ ಕೇಳಲಿಲ್ಲ. ನಾಲೆಯ ಏರಿಯ ಮೇಲೆ ರಂಗು ಮೂರು ದಿನ ನಡೆದ, ನೀರಿನಲ್ಲಿ ತೇಲುವುದನ್ನೆಲ್ಲ ಕೋಲಿನಲ್ಲಿ ತಿರುಗಿಸಿ ನೋಡುತ್ತ. ನಾಲ್ಕನೆಯ ದಿನ ಕಾಲಿನ ತುಂಬ ಬೊಕ್ಕೆಗಳೊಂದಿಗೆ ಬಂದು, ಇಲ್ಲ ಅಕ್ಕ, ನೀರಿನಲ್ಲಿ ಇಲ್ಲ, ಎಲ್ಲೋ ಇದ್ದಾರೆ ಎಂದು ಅವಳನ್ನು ಸಮಾಧಾನ ಮಾಡಿದ. ಅವಳು ಅವನ ಕಾಲಿಗೆ ಹರಳೆಣ್ಣೆ ಹಚ್ಚಿದಳು. ಆಗಲಾದರೂ ಹೇಳಬಹುದಿತ್ತು. ಹುಡುಕಲು ಬಂದ ಅಷ್ಟು ಜನಕ್ಕೂ ಊಟಕ್ಕೆ ಎಲೆ ಬೇಕಾಯಿತು. ಅವಳು ರಾತ್ರಿ ಹಗಲು ಕೂತು ಆ ಹೊರೆಯನ್ನು ಬಿಚ್ಚಿ ಕಡ್ಡಿ ಚುಚ್ಚಿ ಎಲೆ ಹಚ್ಚಿದಳು, ಅದರಲ್ಲೇ ಎಲ್ಲರಿಗೂ ಬಡಿಸಿದಳು. ಅವರು ತಂದ ಎಲೆಯಲ್ಲಿ ಉಂಡು ಎದ್ದು ಅವರನ್ನು ಹುಡುಕಲು ಹೋದರು. ಎಲೆಗಳೆಲ್ಲ ಮುಗಿದರೆ ಸಾಕ್ಷಿ ಮುಗಿಯುತ್ತದೆ ಎಂದು ಎಣಿಸಿದ್ದಳು. ಎಲ್ಲರೂ ಹೋದ ಮೇಲೆ ಒಂದು ಮಿಕ್ಕಿತು. ಅದನ್ನು ಒಲೆಗೆ ಹಾಕಲು ಹೋದಳು, ಕೈ ಬರಲಿಲ್ಲ. ತನ್ನ ಎಲೆಯ ಪಕ್ಕದಲ್ಲಿ ಹಾಕಿ ಬಡಿಸಿದಳು. ಮಾರನೆಯ ದಿನ ಬೇರೆ ಎಲೆ. ಹಾಗೆ ಶುರುವಾಯಿತು.

ಒಂದು ಮಾತಿಗೆ ಯಾರಾದರೂ ಮನೆ ಬಿಟ್ಟು ಹೋಗುತ್ತಾರೆಯೆ? ಹೋಗುವುದನ್ನು ಮೊದಲೇ ಮನಸ್ಸು ಮಾಡಿದ್ದು, ಎಲೆ ಕೊಟ್ಟು ಹೋಗಲು ಬಂದಿದ್ದರೆ? ಅಥವಾ ಬೀದಿಯ ತುದಿಯ ತನಕ ಹೋಗಿ, ಕರೆಯುತ್ತಾಳೆಯೇ ಎಂದು ನಿಂತಿದ್ದರೆ? ಇಪ್ಪತ್ತೈದು ವರ್ಷದಲ್ಲಿ ಅವಳು ಇವನ್ನೆಲ್ಲ ಎಷ್ಟು ತಿರುವಿ ಹಾಕಿದ್ದಳೆಂದರೆ ಯಾವುದು ನಡೆದದ್ದು ಯಾವುದು ತಾನು ಹಚ್ಚಿದ್ದು ಎಂಬುದೇ ಕೆಲವು ಸಲ ತಿಳಿಯುತ್ತಿರಲಿಲ್ಲ. ಆ ಎಲೆಯ ಅನ್ನವನ್ನು, ತಮ್ಮನ ಜೊತೆ ಇರಲು ಬಂದ ಮೇಲೆ, ಮಂಡ್ಯದಲ್ಲಿ ಹಿತ್ತಿಲ ಬಾಗಿಲಿಗೆ ಬರುವ ಮಂಚಮ್ಮನಿಗೆ ಕೊಡುತ್ತಿದ್ದಳು. ಮಂಚಮ್ಮ ಒಂದು ದಿನವೂ ಇದು ಯಾರ ಎಂಜಲು ಎಂದು ಕೇಳಲಿಲ್ಲ. ಅವ್ವಾರೆ, ಇದು ಮುಟ್ಟುದ್ ಅನ್ನ ಅಲ್ಲ, ಮೀಸಲು ಕಣ್ರವ್ವ ಎಂದು ತಾನೇ ಹೇಳಿ ಸೆರಗಿನಲ್ಲಿ ಮುಚ್ಚಿಕೊಂಡು ಹೋಗುತ್ತಿದ್ದಳು.

"ಅಮ್ಮಾರೆ, ಒಂದ್ ಮಾತು."

ಈಗ ಗೋಡೆಯ ಬಳಿಯಿಂದ ಹೊಂಬಾಳಮ್ಮ ಕರೆದಳು. ಪದ್ಮಮ್ಮ ತಿರುಗಲಿಲ್ಲ. ಎಲೆಗಳನ್ನು ಹಾಕಿ, ಬಡಿಸಿ, ಆರನೆಯ ಎಲೆಗೂ ಬಡಿಸಿ ಆಗ ತಾನೆ ಸೊಂಟ ನೆಟ್ಟಗೆ ಮಾಡಿದ್ದಳು.

"ನಿಮ್ಮಂಗೆ ನಡಿಯಾದು ಬಂತು. ಸೀನಾದೂ ಬಂತು. ಆ ಕಡೇ ಎಲೆಗೆ ಬಡಸೋದೊಂದೇ ಬತ್ತಾ ಇಲ್ಲ ಕಣಮ್ಮಾರೆ. ನಿಮ್ ತಮ್ಮೋರು ಬರ್ದವ್ರಲ್ಲಾ ಚಿತ್ರ, ಅದ್ರಲ್ಲಿ ನೀವು ಬಾಗ್ಲು ನೋಡ್ತಾ ಬಡುಸ್ತೀರಿ, ಯಾರೋ ಬತ್ತಾರೆ ಅನ್ನಂಗೆ. ನಾ ಮೂರ್ ದಿನದಿಂದ ನೋಡ್ತಾವ್ನಿ, ನೀವು ಒಂದ್ ದಪನೂ ಬಾಗ್ಲು ಕಡೆ ನೋಡ್ನಿಲ್ಲ. ತಲೆ ತಗ್ಸ್ಕಂಡು ಬಡುಸ್ತೀರಿ. ಬಯ್ಸ್ಕಂಡೋರಂಗೆ."

ಪದ್ಮಮ್ಮ ಕೈಯಲ್ಲಿದ್ದ ತುಪ್ಪದ ಗಿಂಡಿಯನ್ನು ನೆಲಕ್ಕೆ ಕುಕ್ಕಿದಳು. ನೀನು ನೋಡುವುದಕ್ಕೆ ಬಂದವಳು, ನೋಡಿಕೊಂಡು ಹೋಗು, ಕೇಳುವುದಕ್ಕೆ ಬರಬೇಡ ಎಂದಳು. ದನಿ ಎಷ್ಟು ಒರಟಾಗಿತ್ತೆಂದರೆ ಒಳಗಿನಿಂದ ಪಂಕಜಮ್ಮ ಇಣುಕಿ ನೋಡಿದಳು. ಹೊಂಬಾಳಮ್ಮ ಬುಡಿ ಅಮ್ಮಾರೆ, ತಪ್ಪಾಯ್ತು ಎಂದು ಚಾಚಿದ ಕಾಲು ಮಡಿಸಿಕೊಂಡಳು. ಆ ದಿನ ಅವಳು ಹೋದ ಮೇಲೆ ಪದ್ಮಮ್ಮ ಆ ಜಾಗವನ್ನು ಒರೆಸಲು ಬಟ್ಟೆ ತಂದವಳು ಅದನ್ನು ಹಿಡಿದು ಅಲ್ಲೇ ನಿಂತಿದ್ದಳು. ತಮ್ಮ ಹನ್ನೊಂದು ವರ್ಷ ನೋಡಿದ್ದಾನೆ. ಐದು ನೂರಕ್ಕೆ ಮಿಕ್ಕು ಸಲ ಬರೆದಿದ್ದಾನೆ. ಅವನಿಗೆ ಕಂಡದ್ದು ಬಾಗಿಲು ನೋಡುವ ಕಣ್ಣು. ಏಕೆಂದರೆ ಅವನು ಹಾಗೆ ನೋಡುತ್ತಿದ್ದಾನೆ. ಬಾಗಿಲ ಕಡೆ ನೋಡಿಕೊಂಡು ಈ ಮನೆಯಲ್ಲಿ ಕಾಯುತ್ತಿರುವವನು ಅವನು, ನಾಲೆಯ ಏರಿಯಿಂದ ಇನ್ನೂ ಇಳಿಯದವನು. ಇದು ಹೊಳೆದದ್ದೇ ಅವಳಿಗೆ ಇನ್ನಷ್ಟು ರೇಗಿತು, ಅವನ ಮೇಲೋ, ಆ ನಾಟಕದವಳ ಮೇಲೋ, ತಿಳಿಯದೆ ಬಟ್ಟೆಯನ್ನು ಬಕೆಟ್ಟಿಗೆ ಎಸೆದಳು.

ಮಾರನೆಯ ಬೆಳಿಗ್ಗೆ ಕಾರು ಬಂದಾಗ ಅದರಲ್ಲಿ ಹೊಂಬಾಳಮ್ಮ ಇರಲಿಲ್ಲ. ಕಸ್ತೂರಿರಂಗ ಇದ್ದ, ಬೆಳಗಿನ ಜಾವವೇ ಮದ್ದೂರಿಗೆ ಹೋಗಿದ್ದವನು. ಕೊನೆಯ ಸೀನು ಇವತ್ತೇ. ಗಂಡನ ವೇಷದವನು ಇವತ್ತು ಬಿಟ್ಟರೆ ಸಿಗುವುದಿಲ್ಲ. ಗಂಡ ಬಾಗಿಲಲ್ಲಿ ನಿಂತಾಗ ಎಲೆಯತ್ತೆ ಮೊದಲು ಏನು ಹೇಳುತ್ತಾಳೆ ಎಂಬುದು ಯಾರಿಗೂ ತೋಚುತ್ತಿಲ್ಲ. ಬಂದಿರಾ ಎಂದರೆ ಸಪ್ಪೆ, ದೇವರೇ ಎಂದರೆ ನಾಟಕ, ಅತ್ತರೆ ನಗು ಹೋಯಿತು. ಹೊಂಬಾಳಮ್ಮ ಯಾವುದನ್ನೂ ಬಾಯಲ್ಲಿ ನಿಲ್ಲಿಸಿಕೊಳ್ಳುತ್ತಿಲ್ಲ, ಆ ಅಮ್ಮನ್ನೇ ಕೇಳಿ ಎಂದು ಕೂತಿದ್ದಾಳೆ. ನೀನು ಬರಬೇಕು ಅಕ್ಕ, ಒಂದೇ ಒಂದು ಮಾತು ಹೇಳು, ಸಾಕು ಎಂದ. ಪದ್ಮಮ್ಮ ಸೀರೆ ಬದಲಾಯಿಸಿಕೊಂಡು ಹೊರಟಳು. ಮಾತು ಹೇಳಲು ಅಲ್ಲ. ಆ ಸೀನು ತೆಗೆಯಬೇಡಿ ಎಂದು ಡೈರೆಕ್ಟರ ಮುಖಕ್ಕೇ ಹೇಳಿ ಬರಲು. ಕಾರಿನಲ್ಲಿ ತಮ್ಮ ಕಿಟಕಿಯ ಗಾಜು ಏರಿಸಿ, ಗಾಳಿ ಹೊಡೆಯುತ್ತದೆ ಎಂದು ತನ್ನ ಶಲ್ಯವನ್ನು ಅವಳ ಕಿವಿಗೆ ಸುತ್ತಿಕೊಳ್ಳಲು ಕೊಟ್ಟ. ಅವಳು ಅದನ್ನು ಮಡಿಲಲ್ಲಿ ಇಟ್ಟುಕೊಂಡಳು, ಸುತ್ತಿಕೊಳ್ಳಲಿಲ್ಲ. ಆಳೆತ್ತರದ ಕಬ್ಬು ದಾರಿಯ ಎರಡೂ ಕಡೆ ಹಿಂದಕ್ಕೆ ಓಡಿತು.

ಕಾರು ನಿಂತದ್ದು ಯಾವ ಮನೆಯ ಮುಂದೆ ಎಂದು ಇಳಿದ ಮೇಲೆ ಗೊತ್ತಾಯಿತು. ಅದೇ ಮನೆ. ಅದೇ ಜಗಲಿ, ಅದರ ಮಗ್ಗುಲಿಗೆ ಅದೇ ದಾಸವಾಳದ ಗಿಡ, ಅದೇ ಕಂಬ, ಕಂಬದ ಬುಡದಲ್ಲಿ ಅದೇ ಒಡೆದ ಕಲ್ಲು. ಈಗ ಯಾರೋ ಬೇರೆಯವರ ಮನೆ. ಚಿತ್ರದಲ್ಲಿ ಹೇಗಿದೆಯೋ ಹಾಗೇ ಇರಬೇಕು ಎಂದರು ಡೈರೆಕ್ಟರು, ನಾನು ಬರೆದದ್ದು ಈ ಮನೆಯನ್ನೇ ಅಲ್ಲವಾ ಅಕ್ಕ ಎಂದ ಕಸ್ತೂರಿರಂಗ, ಅವಳಿಗೆ ಸಂತೋಷವಾಗಲಿ ಎಂದು ಇದುವರೆಗೆ ಬಚ್ಚಿಟ್ಟುಕೊಂಡಿದ್ದವನ ಹಾಗೆ. ನಡುಮನೆಯ ತುಂಬ ದೀಪಗಳು, ತಂತಿಗಳು, ಕಾಫಿಯ ಲೋಟಗಳು, ಬೀಡಿಯ ವಾಸನೆ. ಗೋಮೆ ಹಚ್ಚಿದ ಅದೇ ಜಾಗದಲ್ಲಿ ಸಾಲಾಗಿ ಬಾಳೆಲೆಗಳು, ಮದುವೆಯ ಮನೆಯ ಹಾಗೆ. ಮುತ್ತುಗದ ಎಲೆ ಪರದೆಯ ಮೇಲೆ ಬಡತನದ್ದಾಗಿ ಕಾಣಿಸುತ್ತದೆಯಂತೆ. ಮೂರು ಸಲ ಬಡಿಸಿ ಮೂರು ಸಲ ಎಸೆದಿದ್ದ ಅನ್ನ ಮೂಲೆಯಲ್ಲಿ ಬಿದ್ದಿತ್ತು. ಗಂಡನ ವೇಷದವನು ಕುರ್ಚಿಯಲ್ಲಿ ಕೂತು ಬಿಳಿಯ ಮೀಸೆಯನ್ನು ಅಂಟಿಸಿಕೊಳ್ಳುತ್ತಿದ್ದ. ಪದ್ಮಮ್ಮನ ಗಂಡನಿಗೆ ಮೀಸೆಯೇ ಇರಲಿಲ್ಲ. ಮತ್ತು ಒಳಗಿನ ಬಾಗಿಲ ಹತ್ತಿರ, ದಿಂಬಿನ ಹೊಟ್ಟೆ, ಮೇಣದ ಮೂಗು, ಹಣೆಯ ಅರ್ಧ ಕುಂಕುಮ, ಸೆಟೆದ ಬೆನ್ನು, ಹೊಂಬಾಳಮ್ಮ ಅಲ್ಲ, ತಾನೇ ನಿಂತಿದ್ದಳು. ಪದ್ಮಮ್ಮ ಹೊಸ್ತಿಲು ದಾಟಿದಳು.

ಡೈರೆಕ್ಟರು ಎದ್ದು ಕೈಮುಗಿದರು. ಅವಳಿಗೆ ಕುರ್ಚಿ ತರಿಸಿದರು. ಅಮ್ಮಾ, ನೀವೇ ನಮ್ಮ ಎಲೆಯತ್ತೆ ಎಂದರು. ಸುತ್ತ ಇದ್ದವರೆಲ್ಲ ಮೆಲ್ಲಗೆ ನಕ್ಕರು, ಒಳ್ಳೆಯ ನಗುವೇ, ಗೌರವದ ನಗು. ಮದುವೆಮನೆಯ ಅಡಿಗೆಯವರ ನಗು ಇದಕ್ಕಿಂತ ವಾಸಿ ಎನ್ನಿಸಿತು. ಈ ಸೀನು ಬೇಡ ಎನ್ನಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಡೈರೆಕ್ಟರು ಬಾಗಿ ಕೇಳಿದರು. ಇಷ್ಟು ವರ್ಷವಾದ ಮೇಲೆ ಯಜಮಾನರು ಬಂದು ಅಗೋ ಆ ಬಾಗಿಲಲ್ಲಿ ನಿಂತರು ಅಂದುಕೊಳ್ಳಿ ಅಮ್ಮಾ, ಹಸಿದುಕೊಂಡು ಬಂದಿದ್ದಾರೆ. ನೀವು ಏನು ಹೇಳುತ್ತೀರ? ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. ತಮ್ಮ ನೋಡುತ್ತಿದ್ದ, ಕೈಯಲ್ಲಿ ಪೆನ್ಸಿಲು ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, ಬರೆದುಕೊಳ್ಳಲು ಸಿದ್ಧನಾಗಿ. ಅವನ ಆ ಸಿದ್ಧವಾದ ಕಣ್ಣೀರನ್ನು ನೋಡಿದ ಕೂಡಲೆ ಪದ್ಮಮ್ಮನಿಗೆ ಇವರೆಲ್ಲರ ಮೇಲೂ, ಈ ದೀಪಗಳ ಮೇಲೆ, ಈ ಮೀಸೆಯ ಮೇಲೆ, ಕಾಯುತ್ತಾಳೆ ಪಾಪ ಎಂದುಕೊಂಡ ಊರಿನ ಮೇಲೆ ಒಟ್ಟಿಗೆ ದ್ವೇಷ ಬಂತು. ಬೇಕೇ ನಿಮಗೆ? ತಗೊಳ್ಳಿ. ಕಲ್ಲು ಎಸೆಯುವವಳ ಹಾಗೆ, ಯಾರ ಮುಖವನ್ನೂ ನೋಡದೆ ಹೇಳಿದಳು.

"ಎಲೆ ತೆಗೆದಾಯ್ತು."

ಕಾಫಿಯ ಲೋಟ ಎತ್ತಿದ್ದವನು ಅದನ್ನು ಕೆಳಗಿಟ್ಟ. ಮುಗಿಯಿತು, ಗೊತ್ತಾಯಿತು ಇವರಿಗೆ ಎಂದುಕೊಂಡಳು. ಹೆದರಿಕೆಯ ಜೊತೆಗೆ, ಇಪ್ಪತ್ತೈದು ವರ್ಷದ ಮೇಲೆ, ಮನಸ್ಸು ಹಗುರವೂ ಆಯಿತು. ಆಮೇಲೆ ದೀಪ ಹಿಡಿದಿದ್ದವನೊಬ್ಬ ನಕ್ಕ. ಅವನ ಪಕ್ಕದವನು ನಕ್ಕ. ಡೈರೆಕ್ಟರು ತೊಡೆ ತಟ್ಟಿಕೊಂಡು, ಕೆಮ್ಮು ಬರುವಷ್ಟು ನಕ್ಕು, ಇದೇ, ಇದೇ ಬೇಕಾಗಿದ್ದು, ಇಷ್ಟು ವರ್ಷ ಎಲೆ ಹಾಕಿ ಕಾದವಳು ಬಂದ ದಿನ ಎಲೆ ತೆಗೆದಾಯ್ತು ಅಂತಾಳೆ, ಥಿಯೇಟರು ಬಿದ್ದುಹೋಗುತ್ತದೆ ಎಂದರು. ಮೀಸೆಯವನು ಮೀಸೆ ಬೀಳದಂತೆ ಬೆರಳಿನಲ್ಲಿ ಒತ್ತಿ ಹಿಡಿದು ನಕ್ಕ. ಕಸ್ತೂರಿರಂಗ ನಗುತ್ತ ಕಣ್ಣೊರೆಸಿಕೊಂಡ. ಹನ್ನೊಂದು ವರ್ಷದಲ್ಲಿ ನನಗೆ ಇದು ಹೊಳೆಯಲಿಲ್ಲವಲ್ಲ ಅಕ್ಕ ಎಂದು ಹೆಮ್ಮೆಯಿಂದ ಅವಳ ಭುಜ ಮುಟ್ಟಿದ. ಕೆನ್ನೆಗೆ ಹೊಡೆಯಬೇಕೆನ್ನಿಸಲಿಲ್ಲ ಈಗ. ಹೇಳಿದ್ದಳು, ಹದಿನಾರು ಜನರ ಎದುರಿಗೆ ಹೇಳಿದ್ದಳು, ಇನ್ನು ಯಾರಿಗೂ ಹೇಳುವ ಹಾಗಿಲ್ಲ. ಹೇಳಿದರೆ, ಅಯ್ಯೋ ಅದು ಸಿನಿಮಾದ ಮಾತಲ್ಲವೆ ಎನ್ನುತ್ತಾರೆ.

ಅವರು ಅದನ್ನು ತೆಗೆದರು. ಪದ್ಮಮ್ಮ ಹೊರಗೆ ಜಗಲಿಯ ಮೇಲೆ ಕಂಬಕ್ಕೊರಗಿ ಕೂತಿದ್ದಳು, ಒಳಗಿನದು ಕಿಟಕಿಯಿಂದ ಕಾಣುತ್ತಿತ್ತು. ಬಾಗಿಲಲ್ಲಿ ಮೀಸೆಯವನ ನೆರಳು ಬಿತ್ತು. ಹೊಂಬಾಳಮ್ಮ ಗೋಮೆ ಹಚ್ಚುತ್ತ ಬಗ್ಗಿದ್ದಳು, ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಬಡಿಸುತ್ತಿರಬೇಕೆಂದು ಡೈರೆಕ್ಟರು ಹೇಳಿದ್ದರು. ಅವಳು ತಲೆ ಎತ್ತಲಿಲ್ಲ. ಎಲೆ ತೆಗೆದಾಯ್ತು ಎಂದಳು, ತನ್ನ ಊರಿನ ಮಾತನ್ನು ಬಿಟ್ಟು, ಪದ್ಮಮ್ಮನ ದನಿಯಲ್ಲಿ, ಇಪ್ಪತ್ತೆರಡು ವರ್ಷದ ಪದ್ಮಮ್ಮನ ದನಿಯಲ್ಲಿ. ಕಾಗದದಲ್ಲಿ ಬರೆದಿದ್ದ ಹಾಗೆ ಮೀಸೆಯವನು ಗಹಗಹಿಸಿ ನಕ್ಕು ಒಳಗೆ ಬಂದು ಕೂತ, ಎಲ್ಲರೂ ಚಪ್ಪಾಳೆ ತಟ್ಟಿದರು. ಹೊಂಬಾಳಮ್ಮನ ಕೈ ಮಾತ್ರ ಸೆಗಣಿಯ ನೆಲದ ಮೇಲೆ ಹಾಗೇ ಇತ್ತು.

ದೀಪಗಳು ಆರಿದ ಮೇಲೆ ಅವಳು ಹೊರಗೆ ಬಂದಳು. ಹೊಟ್ಟೆಯ ದಿಂಬನ್ನು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು, ಮೇಣದ ಮೂಗು ಒಂದು ಕಡೆ ಸಡಿಲವಾಗಿತ್ತು. ಜಗಲಿಯ ಮೇಲೆ, ಪದ್ಮಮ್ಮನಿಂದ ಒಂದು ಮಾರು ದೂರದಲ್ಲಿ, ಮುಟ್ಟದ ಹಾಗೆ ಕೂತಳು. ಒಳಗೆ ಇನ್ನೂ ಯಾರೋ ಆ ಮಾತನ್ನು ಹೇಳಿ ಹೇಳಿ ನಗುತ್ತಿದ್ದರು. ಅವಳು ಎಲೆಅಡಿಕೆಯ ಚೀಲಕ್ಕೆ ಕೈ ಹಾಕಿದವಳು ಹಾಗೇ ತೆಗೆದಳು. ಬೀದಿಯ ಕಡೆ ನೋಡಿಕೊಂಡು, ಪಿಸುಮಾತಿಗಿಂತ ಸ್ವಲ್ಪ ಮೇಲೆ ಕೇಳಿದಳು.

"ಅಮ್ಮಾರೆ. ಅವ್ರು ನೀರಾದ್ರೂ ಕುಡುದ್ರಾ?"

ಪದ್ಮಮ್ಮ ಕಂಬದ ಬುಡದ ಒಡೆದ ಕಲ್ಲನ್ನು ನೋಡಿದಳು. ಬಂದವರು ಕಾಲು ತೊಳೆಯಲಿ, ಬಾಯಾರಿದ್ದರೆ ಕುಡಿಯಲಿ ಎಂದು ಅಲ್ಲಿ ದಿನಾ ಒಂದು ಚೊಂಬು, ಒಂದು ಲೋಟ ಇಡುತ್ತಿದ್ದಳು. ಆ ಶನಿವಾರವೂ ಇಟ್ಟಿದ್ದಳು. ಒಳಗೆ, ತಲೆ ಎತ್ತದೆ, ಒದ್ದೆ ನೆಲದ ಮೇಲೆ ಕೈಯಾಡಿಸುತ್ತ ಲೋಟಕ್ಕೆ ನೀರು ಬಿದ್ದ ಸದ್ದು, ಆಮೇಲೆ ಮಣ್ಣಿಗೆ ನೀರು ಬಿದ್ದ ಸದ್ದು ಎರಡನ್ನೂ ಕೇಳಿದ್ದಳು. ಇಪ್ಪತ್ತೈದು ವರ್ಷದಲ್ಲಿ ತನ್ನೊಬ್ಬಳ ಹತ್ತಿರವೂ ಅದನ್ನು ಹೇಳಿಕೊಂಡಿರಲಿಲ್ಲ. ಮಡಿಲಲ್ಲಿದ್ದ ತಮ್ಮನ ಶಲ್ಯವನ್ನು ಜಗಲಿಯ ಕಲ್ಲಿನ ಮೇಲೆ, ಅವರಿಬ್ಬರ ನಡುವೆ ಹಾಸಿ, ಇಲ್ಲಿ ಕೂತುಕೋ, ಕಲ್ಲು ಕಾದಿದೆ ಎಂದಳು.

"ಕುಡಿದರು," ಎಂದಳು ಆಮೇಲೆ. "ಅರ್ಧ ಲೋಟ. ಮಿಕ್ಕದ್ದನ್ನ ದಾಸವಾಳದ ಗಿಡಕ್ಕೆ ಹಾಕಿದರು."